ಇದ್ದ ಲೆಕ್ಕವೋ, ಹೋದ ಲೆಕ್ಕವೋ

“ಒಂದೇ ಮರ ಉಳಿದಿದ್ದರೆ ಅದು ಇದ್ದ ಲೆಕ್ಕವೋ, ಹೋದ ಲೆಕ್ಕವೋ?” ಮೊನ್ನೆ ಭಾನುವಾರ ದೋಣಿಯವರು ಕೇಳಿದ್ದು. ಮಂಡಿಯಲ್ಲಿ ಅಡಿಕೆ ಧಾರಣೆ ವಿಚಾರಿಸುವ ಧಾಟಿಯಲ್ಲೇ ಕೇಳಿದರು. ನನಗೆ ಮಾತ್ರ ಈ ವಾರವಿಡೀ ಅದೇ ಗುಂಗು.

ಸಿಗಂದೂರು ಸೇತುವೆಯಾದ ಮೇಲೆ ಶರಾವತಿ ಹಿನ್ನೀರಿನ ನಡುಗಡ್ಡೆಗಳನ್ನು ಜನ ಕಾರಿನ ಕಿಟಕಿಯಿಂದಲೇ ನೋಡಿ ಮುಗಿಸುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಕಟ್ಟುವವರೆಗೆ ಅವೆಲ್ಲ ಗುಡ್ಡದ ನೆತ್ತಿಗಳು. ಅಂಥದೊಂದರಲ್ಲಿ ಗಿಡಗಳ ಪಟ್ಟಿ ಮಾಡಲು ಹೊರಟಿದ್ದ ಸಂಶೋಧಕರೊಬ್ಬರ ಜೊತೆ ನಾನೂ ಹೋಗಿದ್ದೆ. ಸಜ್ಜನರು, ವಿಪರೀತ ಶಿಸ್ತು; ಎಲೆ ಮುಟ್ಟುವ ಮೊದಲು ಪೆನ್ನು ಮುಟ್ಟುವವರು. ಕೊರಕಲೊಂದರಲ್ಲಿ ರಾಮಪತ್ರೆ (ಜಾಯಿಕಾಯಿಯ ಕಾಡುಬಂಧು; ಗಂಡು, ಹೆಣ್ಣು ಮರಗಳು ಬೇರೆ ಬೇರೆ) ಮರ ಕಂಡು ಅವರ ಮುಖ ಅರಳಿತು. ದೋಣಿಯವರು ಬುಡದಲ್ಲಿ ಉದುರಿದ್ದ ಹೂಗಳನ್ನು ಹೆಕ್ಕಿ ನೋಡಿ, “ಗಂಡು ಮರ” ಎಂದರು. ಪತ್ರೆ ಕೊಯ್ದು ಮಾರಿದ ಕೈ, ತಪ್ಪುವುದಿಲ್ಲ. ಸುತ್ತೆಲ್ಲ ಹುಡುಕಿದೆವು. ಹೆಣ್ಣಿಲ್ಲ, ಸಸಿಯೂ ಇಲ್ಲ. ಆ ಪ್ರಶ್ನೆ ಬಂದದ್ದು ಆಗ.

ಸಂಶೋಧಕರು ಉತ್ತರವಾಗಿ ಹಿಂದೂ ಮಹಾಸಾಗರದ ರಾಡ್ರಿಗಸ್ ದ್ವೀಪದ ಕಥೆ ಹೇಳಿದರು. ಅಳಿದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಕೆಫೆ ಮರೋನ್ ಎಂಬ ಗಿಡವನ್ನು 1980ರಲ್ಲಿ ಶಾಲಾ ಹುಡುಗನೊಬ್ಬ ಗುರುತಿಸಿದ. ಸುದ್ದಿ ಹಬ್ಬಿದ್ದೇ ತಡ, ಔಷಧಿಗೆಂದು ಜನ ಕೊಂಬೆ ಮುರಿಯತೊಡಗಿದರು; ಬೇಲಿ ಹಾಕಬೇಕಾಯಿತು. 1986ರಲ್ಲಿ ಅದರ ತುಂಡುಗಳು ಲಂಡನ್ನಿನ ಕ್ಯೂ ಉದ್ಯಾನ ಸೇರಿದವು. ಬೇರು ಬಿಟ್ಟವು, ಹೂವೂ ಬಿಟ್ಟವು. ಬೀಜ ಮಾತ್ರ ಕಟ್ಟಲಿಲ್ಲ. ಕಾರ್ಲೋಸ್ ಮಗ್ಡಲೀನಾ ಎಂಬ ತೋಟಗಾರ ಹಟ ಹಿಡಿದು ಬೀಜ ಕಟ್ಟಿಸುವ ಹೊತ್ತಿಗೆ 2003 ಬಂದಿತ್ತು.

“ಅದರಲ್ಲಿ ಗಂಡು, ಹೆಣ್ಣು ಬೇರೆ ಬೇರೆ ಮರವೇ?” ದೋಣಿಯವರು ಬಿಡಲಿಲ್ಲ. ಒಂದೇ ಗಿಡದ ತುಂಡುಗಳಲ್ಲೇ ಬೀಜ ಕಟ್ಟಿತು ಎಂದರು ಸಂಶೋಧಕರು. “ಹಾಗಾದರೆ ನಮ್ಮದಕ್ಕೆ ಆ ಕಥೆ ಆಗುವುದಿಲ್ಲ.”

ಅವರ ಮಾತು ಸರಿ. ದಕ್ಷಿಣ ಆಫ್ರಿಕಾದಲ್ಲಿ 1895ರಲ್ಲಿ ಸಿಕ್ಕ, ತಾಳೆಯಂತೆ ಕಾಣುವ ವುಡ್ ಸೈಕಾಡ್ ಎಂಬ ಗಿಡವೂ ಬರೀ ಗಂಡು. ಅದರ ಕಂದುಗಳು ಇಂದು ಜಗತ್ತಿನ ಹಲವು ಉದ್ಯಾನಗಳಲ್ಲಿ ಬೆಳೆಯುತ್ತಿವೆ. ಹೆಣ್ಣು ಈವರೆಗೆ ಎಲ್ಲಿಯೂ ಸಿಕ್ಕಿಲ್ಲ. ನಮ್ಮ ರಾಮಪತ್ರೆಗೆ ಅಷ್ಟು ಗತಿಗೇಡು ಬಂದಿಲ್ಲ, ಆಚೆ ದಡದ ಕಾನುಗಳಲ್ಲಿ ಹೆಣ್ಣು ಮರಗಳಿವೆ. ಈ ಮರದ ಜೋಡಿ ಮಾತ್ರ ಬಹುಶಃ ಕೆಳಗಿನ ಕಣಿವೆಯಲ್ಲಿದ್ದು ಅಣೆಕಟ್ಟಿನ ನೀರಿಗೆ ಹೋಗಿರಬೇಕು. ಕರೆಂಟಿಗಾಗಿ ಮುಳುಗಿದ ಮನೆ, ಗದ್ದೆಗಳ ಲೆಕ್ಕವನ್ನೇ ಸರಿಯಾಗಿ ಇಡದವರು ಮರದ ಸಂಸಾರದ ಲೆಕ್ಕ ಇಟ್ಟಾರೆಯೇ?

ಹಿಂದಿರುಗುವಾಗ ದೋಣಿಯವರೇ ದಾರಿ ತೋರಿಸಿದರು. ಅವರ ಸೊಪ್ಪಿನಬೆಟ್ಟದಲ್ಲಿ ಫಸಲು ಕೊಡುವ ಹೆಣ್ಣು ಮರವಿದೆ. ಬೀಜ ಊರಿದರೆ ಗಂಡೋ ಹೆಣ್ಣೋ ಎಂಬುದು ಹೂ ಬಿಡುವವರೆಗೆ ತಿಳಿಯದು. ಆದ್ದರಿಂದ ಕಸಿ ಕಟ್ಟಿ ಕೊಡುತ್ತೇನೆ, ಮಳೆಗಾಲ ಹಿಡಿದ ಮೇಲೆ ನೆಟ್ಟು ಬರೋಣ ಎಂದರು. ಅರಣ್ಯದಲ್ಲಿ ಹಾಗೆಲ್ಲ ನೆಡುವಂತಿಲ್ಲ, ಅನುಮತಿ ಬೇಕು ಎಂದರು ಸಂಶೋಧಕರು. “ಮಂಗಟ್ಟೆ ಹಕ್ಕಿ ಬೀಜ ತಂದು ಹಾಕುವಾಗ ಯಾರನ್ನು ಕೇಳುತ್ತದೆ?” ಎಂದು ದೋಣಿಯವರು ಹುಟ್ಟು ಹಾಕಿದರು. ನಾನು ಅವರ ಪಕ್ಷ. ಆದರೂ ಅರ್ಜಿ ಬರೆಯುವ ಕೆಲಸ ನನ್ನ ತಲೆಗೇ ಬಂದಿದೆ. ಹೆಸರು, ವಿಳಾಸ, ಜಾಗದ ವಿವರ ತುಂಬಿಸಿ ಆಯಿತು. ‘ಉದ್ದೇಶ’ ಎಂಬ ಕಲಮಿನಲ್ಲಿ ಮದುವೆ ಎಂದು ಬರೆದರೆ ಕಚೇರಿಯವರು ನಗುತ್ತಾರೋ, ಅರ್ಜಿಯನ್ನೇ ಹಿಂದಕ್ಕೆ ಕಳಿಸುತ್ತಾರೋ ತಿಳಿಯದು.