ಶ್ರುತಿಯನ್ನೇ ಬಿಟ್ಟ ಪ್ರಬಂಧ

ದೊಡ್ಡಪ್ಪ ತೀರ್ಥಹಳ್ಳಿ ಕಡೆಯವರು. ಯಕ್ಷಗಾನದಲ್ಲಿ ಮದ್ದಳೆ ಬಾರಿಸುತ್ತಾರೆ. ಸಂಶೋಧನೆ ಮಾಡುವ ಹುಡುಗನೊಬ್ಬ ಮನೆಗೇ ಬಂದು ಅವರ ಮದ್ದಳೆಯನ್ನು ರೆಕಾರ್ಡ್ ಮಾಡಿಕೊಂಡು ಹೋಗಿದ್ದ. ಅದರ ಮೇಲೆ ಶಿವಮೊಗ್ಗದಲ್ಲಿ ಪ್ರಬಂಧ ಓದುತ್ತೇನೆ, ನೀವೂ ಬನ್ನಿ ಅಂತ ಕರೆದ. ನಾನು ಫಿಸಿಕ್ಸ್ ಪಾಠ ಮಾಡುವವಳು. ಜೊತೆಗೆ ಹೋದೆ.

ಪರದೆ ಮೇಲೆ ಮೊದಲ ಸಾಲು ಬಂತು: 'ಚರ್ಮವಾದ್ಯದ ಅಸ್ಥಿರ ಆಘಾತ ಸಂಕೇತಗಳ ಬಹುಆಯಾಮ ಲಕ್ಷಣ ಪ್ರತಿನಿಧೀಕರಣ.' ಮದ್ದಳೆಯ ಪೆಟ್ಟನ್ನು ಅಂಕಿಗಳಲ್ಲಿ ಬರೆದಿದ್ದೇವೆ ಅಂತ ಅದರ ಅರ್ಥ. ಮುಂದೆಯೂ ಹೀಗೇ ಇತ್ತು.

ಕೊನೆಗೆ ದೊಡ್ಡಪ್ಪ ಎದ್ದು ಕೇಳಿದರು. "ಮಳೆಗಾಲದಲ್ಲಿ ಚರ್ಮ ಸಡಿಲ ಆಗಿ ಶ್ರುತಿ ಇಳಿಯುತ್ತೆ. ನಿಮ್ಮ ಲೆಕ್ಕದಲ್ಲಿ ಅದು ಗೊತ್ತಾಗುತ್ತಾ?"

"ಎಂಎಫ್‌ಸಿಸಿ ಸ್ಪೇಸ್‌ನಲ್ಲಿ ಕ್ಲಸ್ಟರ್ ಸೆಪರೇಷನ್ ಚೆನ್ನಾಗಿದೆ ಸರ್" ಅಂದ ಹುಡುಗ. ಬೇರೆ ಬೇರೆ ಪೆಟ್ಟುಗಳು ಲೆಕ್ಕದಲ್ಲಿ ಬೇರೆ ಬೇರೆ ಗುಂಪಾಗಿ ಕಾಣುತ್ತವೆ ಅಂತ ಅದರ ಅರ್ಥ. ಕೇಳಿದ್ದಕ್ಕೆ ಉತ್ತರ ಅಲ್ಲ. ಸಭೆ ತಲೆಯಾಡಿಸಿತು. ದೊಡ್ಡಪ್ಪ ಕೂತು, "ನಮಗೆಲ್ಲ ಅರ್ಥ ಆಗೋದಲ್ಲ ಬಿಡು ಮಾರಾಯ್ತಿ" ಅಂದರು. ನನಗೆ ಸಿಟ್ಟು ಬಂದಿದ್ದು ಆಗಲೇ.

ಎಂಎಫ್‌ಸಿಸಿ ಅಂದರೆ ಒಂದು ದನಿಯ ಗುಣವನ್ನು ಕೆಲವೇ ಅಂಕಿಗಳಲ್ಲಿ ಹಿಡಿದಿಡುವ ಲೆಕ್ಕ. ಕೆಟ್ಟ ವಿಧಾನ ಏನಲ್ಲ. ಕಂಪ್ಯೂಟರು ಮಾತನ್ನು ಗುರುತಿಸುವ ಕೆಲಸಕ್ಕೆ 1980ರ ಹೊತ್ತಿಗೆ ಹೆಸರು ಮಾಡಿದ್ದು ಅದು. 'ಅ' ಅಂತ ಹೆಂಗಸು ಹೇಳಲಿ, ಗಂಡಸು ಹೇಳಲಿ, ಅದು 'ಅ' ಅಂತಲೇ ಗೊತ್ತಾಗಬೇಕು ಅಲ್ವಾ? ಹಾಗಾಗಿ ದನಿ ಎಷ್ಟು ಎತ್ತರದಲ್ಲಿದೆ ಅನ್ನುವ ವಿವರವನ್ನು ಅದು ಬಹುಪಾಲು ಒರೆಸಿಬಿಡುತ್ತದೆ. ಸಾಮಾನ್ಯವಾಗಿ ಮೊದಲ 13 ಅಂಕಿಗಳನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಾರೆ. ಅಂದರೆ ದೊಡ್ಡಪ್ಪ ಕೇಳಿದ ಶ್ರುತಿಯೇ ಆ ಲೆಕ್ಕದಲ್ಲಿ ಬಹುಪಾಲು ಉಳಿದಿರಲಿಲ್ಲ. ಅಷ್ಟೆಲ್ಲ ದೊಡ್ಡ ಪದಗಳ ನಡುವೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಬಹುಶಃ ಆ ಹುಡುಗನ ಕಣ್ಣಿಗೂ. ಹೀಗೆ ಬರೆದರೇ ವಿದ್ವತ್ತು ಅಂತ ಅವನಿಗೆ ಕಲಿಸಿದವರ ಮೇಲೆ ನನ್ನ ತಕರಾರು.

ಸಿ.ವಿ. ರಾಮನ್ 1920ರಲ್ಲೇ ನಮ್ಮ ಮೃದಂಗ, ತಬಲಾಗಳ ಬಗ್ಗೆ ಬರೆದಿದ್ದರು. ಬರೀ ಚರ್ಮ ಬಿಗಿದ ಡೋಲಿನಲ್ಲಿ ಏಳುವ ದನಿಗಳು ಒಂದಕ್ಕೊಂದು ಹೊಂದುವುದಿಲ್ಲ. ಚರ್ಮದ ನಡುವೆ ಕರಣೆ, ಅಂದರೆ ಕಪ್ಪು ಲೇಪ, ಹಾಕಿದರೆ ಅವು ತಂತಿವಾದ್ಯದ ಹಾಗೆ ಹೊಂದಿಕೊಳ್ಳುತ್ತವೆ. 1934ರಲ್ಲಿ ಇನ್ನೊಮ್ಮೆ ಬರೆದಾಗ, ಮುಚ್ಚಿಗೆ, ಅಂದರೆ ಬಾರಿಸುವ ಚರ್ಮದ ಮೇಲೆ ಮರಳು ಉದುರಿಸಿ, ಯಾವ ಜಾಗ ಅದುರುತ್ತೆ, ಯಾವುದು ಸುಮ್ನೆ ಇರುತ್ತೆ ಅಂತ ತೋರಿಸಿದರು. ಸುಮ್ನೆ ಇರುವ ಕಡೆ ಮರಳು ಗೆರೆಯಾಗಿ ನಿಲ್ಲುತ್ತದೆ. ನೊಬೆಲ್ ಬಂದಮೇಲಿನ ಕೆಲಸ ಅದು. ಮರಳಿನ ಆ ಗೆರೆಗಳನ್ನು ಯಾವ ಮದ್ದಳೆಗಾರನಾದರೂ ನೋಡಿ ಅರ್ಥ ಮಾಡಿಕೊಳ್ಳಬಹುದು.

ಊಟದ ಹೊತ್ತಲ್ಲಿ ಹುಡುಗನನ್ನು ಪಕ್ಕಕ್ಕೆ ಕರೆದೆ. ಪ್ರಬಂಧದ ಮಾತು ಬೇಡ, ಲ್ಯಾಪ್‌ಟಾಪಿನಲ್ಲಿ ಬರೀ ಸ್ಪೆಕ್ಟ್ರಮ್ ತೆಗಿ ಅಂದೆ. ಒಂದು ಪೆಟ್ಟಿನಲ್ಲಿ ಯಾವ್ಯಾವ ಎತ್ತರದ ದನಿ ಎಷ್ಟೆಷ್ಟು ಇದೆ ಅಂತ ತೋರಿಸುವ ಚಿತ್ರ ಅದು; ಬಲಕ್ಕೆ ಹೋದಷ್ಟೂ ದನಿ ಎತ್ತರ. ದೊಡ್ಡಪ್ಪ ಮದ್ದಳೆ ತಂದಿದ್ದರು. ಒಂದು ಪೆಟ್ಟು ಹಾಕಿದರು. ಪರದೆ ಮೇಲೆ ನಾಲ್ಕಾರು ಚೂಪು ಗೆರೆ ಎದ್ದವು. ಸಣ್ಣ ಸುತ್ತಿಗೆ ತೆಗೆದು ಮುಚ್ಚಿಗೆಯ ಅಂಚಿಗೆ ಸುತ್ತಲೂ ತಟ್ಟಿದರು, ಕಿವಿ ಹತ್ತಿರ ತಂದು ಕೇಳಿದರು, ಮತ್ತೆ ಬಾರಿಸಿದರು. ಗೆರೆಗಳೆಲ್ಲ ಚೂರು ಬಲಕ್ಕೆ ಸರಿದವು.

"ಓ, ಶ್ರುತಿ ಏರಿದ್ದು ಇಲ್ಲಿ ಕಾಣ್ತಾ ಉಂಟಲ್ಲ!" ದೊಡ್ಡಪ್ಪನಿಗೆ ಖುಷಿಯೋ ಖುಷಿ. "ಇದನ್ನೇ ಅಲ್ಲಿ ತೋರಿಸಬಹುದಿತ್ತಲ್ಲ ಮಾರಾಯ?"

ಹುಡುಗ ಮತ್ತೆ ಬಾರಿಸಿ ಅಂದ, ಇನ್ನೊಂದು ಸಲ ಅಂದ. ಆಮೇಲೆ ಮಳೆಗಾಲದಲ್ಲಿ ಬಂದು ಹೊಸದಾಗಿ ರೆಕಾರ್ಡ್ ಮಾಡಿಕೊಳ್ಳಬಹುದಾ ಅಂತ ಕೇಳಿದ.

"ಜೋರು ಮಳೆ ಹಿಡಿದ ಮೇಲೆ ಫೋನ್ ಮಾಡ್ತೀನಿ, ಆವಾಗ ಬಾ" ಅಂದರು ದೊಡ್ಡಪ್ಪ.