ನಾಯಕಿಗೆ 16, ಕಥೆ ಹೇಳುವವಳಿಗೆ 42

ಶಾಲೆಯೊಂದರ ಗ್ರಂಥಪಾಲಕಿಯ ಫೋನ್ ಬಂದ ಕೂಡಲೇ ತೆರೆದದ್ದು ನಾವು ಪ್ರಕಟಿಸಿದ ಕಾದಂಬರಿಯೊಂದರ 11ನೇ ಅಧ್ಯಾಯದ ಪಿಡಿಎಫ್. ಅದರಲ್ಲೊಂದು ಮುತ್ತಿನ ದೃಶ್ಯವಿದೆ, ದೂರು ಅದರದ್ದೇ ಎಂದು ನಂಬಿದ್ದೆ. ಅವರು ಮಾತಾಡುತ್ತಿದ್ದಾಗ ನಾನು ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಅವರು ಮುತ್ತಿನ ಸುದ್ದಿಯನ್ನೇ ಎತ್ತಲಿಲ್ಲ. ಒಂಬತ್ತನೇ ತರಗತಿಗೆಂದು 30 ಪ್ರತಿ ತರಿಸಿದ್ದರು, ಒಯ್ದ ಮಕ್ಕಳೆಲ್ಲ 40ನೇ ಪುಟದ ಆಚೀಚೆ ನಿಲ್ಲಿಸಿ ವಾಪಸ್ ತಂದಿಟ್ಟರು. "ಇದು ನಮ್ಮ ವಯಸ್ಸಿನವಳು ಹೇಳೋ ಕಥೆ ಅಲ್ಲ ಮಿಸ್, ಅಮ್ಮ ಹೇಳೋ ಕಥೆ" ಎಂದಳಂತೆ ಒಬ್ಬಳು.

ಲೈನಿನಲ್ಲಿ ಅವರನ್ನು ಇಟ್ಟುಕೊಂಡೇ 28ರಿಂದ 40ನೇ ಪುಟದವರೆಗೆ ಕಣ್ಣಾಡಿಸಿದೆ. "ಆಗ ನನಗದು ತಿಳಿಯಲಿಲ್ಲ", "ಈಗ ಯೋಚಿಸಿದರೆ", "ಅಪ್ಪ ಹಾಗೇಕೆ ಮಾಡಿದ ಎಂದು ಅರ್ಥವಾಗಲು ವರ್ಷಗಳೇ ಬೇಕಾದವು": ಇಂಥ ವಾಕ್ಯ ಏಳು ಸಿಕ್ಕವು. ಹುಡುಗಿ ಹೇಳಿದ್ದು ಅಕ್ಷರಶಃ ಸರಿ. ನಾಯಕಿಗೆ 16 ವರ್ಷ, ನಿರೂಪಕಿಗೆ 42. ಮೂರು ಅಧ್ಯಾಯ ಓದಿ, ವಯಸ್ಸು ನೋಡಿ, ವೈಎ (ಯಂಗ್ ಅಡಲ್ಟ್, ಅಂದರೆ ಹದಿಹರೆಯದವರ ಸಾಹಿತ್ಯ) ಎಂದು ಟಿಕ್ ಹಾಕಿದ್ದು ನಾನು.

ವೈಎ ಕಾದಂಬರಿಗೂ ದೊಡ್ಡವರ ಕಾದಂಬರಿಗೂ ಇರುವ ವ್ಯತ್ಯಾಸ ಪಾತ್ರದ ವಯಸ್ಸಿನಲ್ಲಿಲ್ಲ. ಘಟನೆಗೂ ಅದನ್ನು ಹೇಳುವ ದನಿಗೂ ನಡುವಿನ ಅಂತರದಲ್ಲಿದೆ. ವೈಎಯಲ್ಲಿ ಹುಡುಗಿಗೆ ನಾಳೆ ಏನಾಗುತ್ತದೆಂದು ಗೊತ್ತಿಲ್ಲ, ಓದುವವರಿಗೂ ಗೊತ್ತಿಲ್ಲ. ಹಿಂತಿರುಗಿ ನೋಡುವ ದನಿ ಬಂದೊಡನೆ ಭಯದ ಜಾಗಕ್ಕೆ ವಿವೇಚನೆ ಬಂದು ಕೂರುತ್ತದೆ. ಹಾರ್ಪರ್ ಲೀ ಅವರ 1960ರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಇನ್ನೇನು ಆರು ತುಂಬುವ ಹುಡುಗಿ ಸ್ಕೌಟ್‌ಳಿಂದ ಶುರುವಾಗುತ್ತದೆ, ಹೇಳುವವಳು ಮಾತ್ರ ಬೆಳೆದ ಸ್ಕೌಟ್. ಗಡಿ ಎಲ್ಲ ಕಡೆಯೂ ಇಷ್ಟು ಸ್ಪಷ್ಟವಲ್ಲ ಎಂಬುದೂ ನಿಜ. ಮಾರ್ಕಸ್ ಝುಸಾಕ್ ಅವರ 'ದಿ ಬುಕ್ ಥೀಫ್' 2005ರಲ್ಲಿ ಆಸ್ಟ್ರೇಲಿಯಾದಲ್ಲಿ ದೊಡ್ಡವರ ಪುಸ್ತಕವಾಗಿ ಬಂತು, 2006ರಲ್ಲಿ ಅಮೆರಿಕದಲ್ಲಿ ವೈಎ ಆಯಿತು. ಹಾಗಿರುವಾಗ ಪುಸ್ತಕ ಯಾವ ಕಪಾಟಿಗೆ ಎಂಬುದನ್ನು ಓದಿಯೇ ಆರಿಸಬೇಕು, ಫಾರ್ಮ್‌ಗೆ ಬಿಡಬಾರದು.

ನಮ್ಮ ಫಾರ್ಮ್‌ನಲ್ಲಿ 'ಮುಖ್ಯಪಾತ್ರದ ವಯಸ್ಸು' ತುಂಬಿದರೆ ವರ್ಗ ತಾನೇ ತುಂಬಿಕೊಳ್ಳುತ್ತದೆ. ಇದನ್ನು ತೆಗೆಯಿರಿ ಎಂದು ಮೂರು ಸಲ ಕೇಳಿದ್ದೇವೆ. ಸಮಯ ಉಳಿಯುತ್ತದೆ ಎನ್ನುತ್ತಾರೆ ಮೇಲಿನವರು. ಅಂಗಡಿಗಳಿಗೆ ಪುಸ್ತಕದ ವಿವರ ಕಳಿಸುವ ಫೀಡ್ ತಿದ್ದಲು ಮೂರು ದಿನ ಹೋಯಿತು. ಯಾರು ಓದುವ ಪುಸ್ತಕ ಎಂದು ಹೇಳುವ ಆಡಿಯೆನ್ಸ್ ಕೋಡ್ 03 (ಹದಿಹರೆಯದವರು) ಇದ್ದದ್ದು 01 (ಸಾಮಾನ್ಯ ಓದುಗರು) ಆಗಬೇಕು, ವಿಷಯ ಹೇಳುವ ವೈಎಎಫ್ (ವೈಎ ಕಥೆ) ಕೋಡ್ ಪೂರ್ತಿ ಹೋಗಿ ದೊಡ್ಡವರ ಕಥೆಯ ಎಫ್‌ಐಸಿ ಬರಬೇಕು. ಈ ಎರಡು ವಿಷಯ ಕೋಡ್ ಒಟ್ಟಿಗೆ ಇಡುವಂತಿಲ್ಲ. ಅವಸರದಲ್ಲಿ ನಾವು ಹೊಸದನ್ನು ಸೇರಿಸಿ ಹಳೆಯದನ್ನು ಬಿಟ್ಟೆವು. ಒಂದು ಅಂಗಡಿಯ ಪುಟದಲ್ಲಿ ಪುಸ್ತಕ ಮಕ್ಕಳ ವಿಭಾಗದಲ್ಲೇ ಉಳಿಯಿತು.

ಈಗ ಹಸ್ತಪ್ರತಿಯ ಮೊದಲ 30 ಪುಟ, ನಡುವಿನ 10, ಕೊನೆಯ 20 ಓದದೆ ವರ್ಗ ಬರೆಯುವುದಿಲ್ಲ. ಸಂದೇಹ ಬಂದರೆ ಪೂರ್ತಿ. ಹಿನ್ನೋಟದ ವಾಕ್ಯಗಳಿಗೆ ಹಳದಿ ಗುರುತು. ನಿರ್ಣಾಯಕ ತೀರ್ಮಾನ ಯಾರ ಕೈಯಲ್ಲಿದೆ ಎಂದು ನೋಡುತ್ತೇವೆ: ಕೊನೆಗೆ ಮಾವನೋ ಮೇಷ್ಟ್ರೋ ಬಂದು ಸಮಸ್ಯೆ ಬಿಡಿಸಿದರೆ ಅದು ವೈಎ ಆಗಿ ನಿಲ್ಲುವುದು ಕಷ್ಟ. ಅಪ್ಪ-ಅಮ್ಮನ ದಾಂಪತ್ಯಕ್ಕೇ ಇಡೀ ಅಧ್ಯಾಯಗಳು ಹೋಗಿವೆಯೇ ಎಂಬುದನ್ನೂ. ಮುತ್ತು, ಸಾವು, ಬೈಗುಳ ಇವು ಗಡಿ ಅಲ್ಲ. ವೈಎ ಇವೆಲ್ಲವನ್ನೂ ತಾಳುತ್ತದೆ. ಭಾಷೆ ಸರಳವಾಗಿದೆ ಎಂಬುದೂ ಪುರಾವೆಯಲ್ಲ. ಇಂಗ್ಲಿಷ್ ವೈಎಗೆ ಹೇಳುವ 50ರಿಂದ 80 ಸಾವಿರ ಪದಗಳ ಲೆಕ್ಕವನ್ನು ಕನ್ನಡಕ್ಕೆ ಹಾಗೇ ಹಚ್ಚಬೇಡಿ. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ಕಥೆ ಕಡಿಮೆ ಪದಗಳಲ್ಲಿ ಮುಗಿಯುತ್ತದೆ.

ಕನ್ನಡದ ಅಂಗಡಿಯಲ್ಲಿ 'ಮಕ್ಕಳ ಸಾಹಿತ್ಯ'ದ ಪಕ್ಕ ನೇರವಾಗಿ 'ಕಾದಂಬರಿ' ಇರುತ್ತದೆ, ನಡುವಿನ ಕಪಾಟು ಅಪರೂಪ. ಅದಕ್ಕೇ ಇಲ್ಲಿ ವರ್ಗ ತಪ್ಪಿದರೆ ಮುಖಪುಟವೇ ತಪ್ಪುತ್ತದೆ. ಸೈಕಲ್ ಮೇಲಿನ ಹುಡುಗಿಯ ಚಿತ್ರವಿರುವ 600 ಪ್ರತಿ ಇನ್ನೂ ಗೋಡೌನಿನಲ್ಲಿವೆ. ಹೊಸ ಜಾಕೆಟ್‌ಗೆ (ಮುಖಪುಟದ ಹೊದಿಕೆ) ಮೇಲಿನವರು ಹಣ ಕೊಟ್ಟಿಲ್ಲ. ಆ ಶಾಲೆಯ 30 ಪ್ರತಿಗಳನ್ನು ವಾಪಸ್ ತೆಗೆದುಕೊಂಡೆವು.