ಕೊಡೆಯ ಹಿಡಿಗೆ ಸಿಕ್ಕ ಬಲೂನು

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಮೈಸೂರಿನಲ್ಲಿ ಕ್ಲಾಸಿನಲ್ಲಿದ್ದೆ. ಪಾಠ ಮುಂದುವರಿಸಲು ಆಗಲೇ ಇಲ್ಲ. ಮಡಿಕೇರಿಯ ನಮ್ಮ ಹಂಚಿನ ಮಾಡಿನ ಒಂಬತ್ತನೇ ಕ್ಲಾಸು ಕಣ್ಣ ಮುಂದೆ ಬಂತು. ಆ ವರ್ಷ ಓದಿದ್ದು ಒಂದೂ ನೆನಪಿಲ್ಲ. ಒಂದು ಕೆಂಪು ಬಲೂನು ಮಾತ್ರ ನೆನಪಿದೆ.

ಅವತ್ತು ಶುಕ್ರವಾರ, ಸಂತೆ ದಿನ. ಮಧ್ಯಾಹ್ನ ಊಟ ಬಿಟ್ಟು ನಾವು ಮೂವರು ಮಳೆಯಲ್ಲೇ ಓಡಿ ಗ್ಯಾಸ್ ಬಲೂನು ತಂದೆವು. ಅದರ ಮೇಲೆ ಮೇಷ್ಟ್ರ ಮೀಸೆ ಬರೆದು, ಅವರು ಒಳಗೆ ಕಾಲಿಟ್ಟ ಕೂಡಲೇ ಬಿಟ್ಟೆವು. ಸೀದಾ ಹೋಗಿ ಪಕಾಸಿಗೆ ತಾಗಿ ನಿಂತಿತು. ಕ್ಲಾಸೆಲ್ಲ ನಗು.

ಬೆತ್ತ ಬರುತ್ತದೆ ಅಂದುಕೊಂಡಿದ್ದೆ. ಅವರು ಮೂಲೆಯಲ್ಲಿ ನೀರು ತೊಟ್ಟಿಕ್ಕುತ್ತಿದ್ದ ಕೊಡೆ ತೆಗೆದುಕೊಂಡು, ಅದರ ಬಾಗಿದ ಹಿಡಿಯಿಂದ ದಾರ ಎಳೆದರು.

“ಇದು ತಾನಾಗೇ ಏರಿತೋ, ಯಾರಾದ್ರೂ ಎತ್ತಿದ್ರೋ?”

“ಹಗುರ ಇದೆ ಸರ್, ಅದಕ್ಕೆ ಏರಿತು.”

“ಹಕ್ಕಿ ಪುಕ್ಕ ಹಗುರ ಅಲ್ವಾ? ಅದ್ಯಾಕೆ ಬೀಳುತ್ತೆ?”

ಯಾರೂ ಉಸಿರೆತ್ತಲಿಲ್ಲ. ಗಾಳಿಗೂ ತೂಕ ಇದೆ ಅಂತ ಶುರು ಮಾಡಿದರು. ಸಮುದ್ರ ಮಟ್ಟದಲ್ಲಿ ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ. ಬಲೂನಿನಲ್ಲಿದ್ದ ಹೈಡ್ರೋಜನ್ ಲೀಟರಿಗೆ 0.1 ಗ್ರಾಂ ಕೂಡ ಇಲ್ಲ. ಬಲೂನಿನ ಕೆಳಗಿನ ಗಾಳಿಯ ಒತ್ತಡ ಮೇಲಿನದಕ್ಕಿಂತ ಚೂರು ಜಾಸ್ತಿ. ಹಾಗಾಗಿ ಬಲೂನು ಎಷ್ಟು ಗಾಳಿಯ ಜಾಗ ಹಿಡಿದಿದೆಯೋ, ಅಷ್ಟು ಗಾಳಿಯ ತೂಕದ ಬಲದಿಂದ ಸುತ್ತಲಿನ ಗಾಳಿಯೇ ಅದನ್ನು ಎತ್ತುತ್ತದೆ. ಗ್ಯಾಸು, ರಬ್ಬರು, ದಾರ ಎಲ್ಲ ಸೇರಿ ಅದಕ್ಕಿಂತ ಕಡಿಮೆ ತೂಗಿದರೆ ಏರುತ್ತದೆ.

ಆಮೇಲೆ ದಾರಕ್ಕೆ ಚಾಕ್‌ಪೀಸಿನ ಚೂರುಗಳನ್ನು ಕಟ್ಟುತ್ತಾ ಹೋದರು. ಒಂದು, ಎರಡು, ಕೊನೆಗೆ ಉಗುರಿನಷ್ಟು ಪುಡಿ ಚೂರು. ಕೈ ಬಿಟ್ಟರು. ಬಲೂನು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ನಮ್ಮ ತಲೆಗಳ ನಡುವೆ, ಅವರ ಮೀಸೆ ಹೊತ್ತು ನಿಧಾನಕ್ಕೆ ತಿರುಗುತ್ತಿತ್ತು.

“ಇದೇ ಬಲೂನು, ಇದೇ ಗಾತ್ರ. ಮಂಗಳೂರಿನಲ್ಲಾದ್ರೆ ಚಾಕ್ ಜಾಸ್ತಿ ಬೇಕೋ, ಕಡಿಮೆಯೋ?”

ಜಾಸ್ತಿ ಅಂದವನು ನಾನೊಬ್ಬನೇ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಇಲ್ಲಿನ ಗಾಳಿ ತೆಳು. ಆ ಉತ್ತರದ ಹೆಮ್ಮೆ ನನಗೆ ಇವತ್ತಿಗೂ ಇದೆ. ನಾನು ಭೌತಶಾಸ್ತ್ರ ಹಿಡಿದದ್ದು ಆ ಮಧ್ಯಾಹ್ನವೇ.

ಈಗಿನ ಮಕ್ಕಳಿಗೆ ಇದೇ ಪಾಠ ಪರದೆಯ ಮೇಲೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ದಾರ ಬೆರಳನ್ನು ಮೇಲಕ್ಕೆ ಎಳೆಯುವುದು ಅವರಿಗೆ ಗೊತ್ತಾಗುವುದು ಹೇಗೆ?

ಶನಿವಾರ ಬೆಳಿಗ್ಗೆ ಹೋದರೆ ಬಲೂನು ಬೆಂಚಿನ ಕೆಳಗೆ ಸುಕ್ಕಾಗಿ ಬಿದ್ದಿತ್ತು. ಗ್ಯಾಸ್ ರಬ್ಬರಿನ ಮೂಲಕವೇ ಸೋರಿತ್ತು. ಮೇಷ್ಟ್ರು ಬಗ್ಗಿ ಚೂರುಗಳನ್ನು ಬಿಚ್ಚಿ, ದೊಡ್ಡದನ್ನು ನನ್ನ ಕೈಗಿಟ್ಟರು. “ಬಾ, ನಿನ್ನೆಯ ಲೆಕ್ಕ ಬೋರ್ಡಿನ ಮೇಲೆ ಮಾಡು.”